ಭಾನುವಾರ ಮಾತ್ರ ಜಿಗಿಯುತ್ತಿದ್ದ ಕಾರು: ಪುಣೆಯ ಸಿಮ್ ರೇಸಿಂಗ್ ಬಳಗವೊಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ಪುಣೆ ಮತ್ತು ಪಿಂಪ್ರಿ-ಚಿಂಚವಡದಲ್ಲಿ ನೆಲೆಸಿರುವ ಕನ್ನಡಿಗರ ಸಣ್ಣ ಬಳಗವೊಂದು ಕೆಲವು ವರ್ಷಗಳಿಂದ ಆನ್‌ಲೈನ್ ಸಿಮ್ ರೇಸಿಂಗ್ (ಕಂಪ್ಯೂಟರಿನಲ್ಲಿ ನಿಜದಂತೆ ಕಾರು ಓಡಿಸುವ ಸ್ಪರ್ಧೆ) ಸರಣಿಯನ್ನು ನಡೆಸಿಕೊಂಡು ಬಂದಿದೆ. ಹಿಂಜವಡಿಯ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುವವರು, ಚಾಕಣದ ಕಾರ್ಖಾನೆಗಳ ಎಂಜಿನಿಯರುಗಳು, ಕಾಲೇಜು ವಿದ್ಯಾರ್ಥಿಗಳು, ಊರಿನ ಕಡೆಯಿಂದ ಸೇರಿಕೊಂಡ ಹುಬ್ಬಳ್ಳಿ ಮತ್ತು ಬೆಳಗಾವಿ ಜಿಲ್ಲೆಯ ಕೆಲವರು, ಹೀಗೆ ಒಂದು ರೇಸಿಗೆ ಸುಮಾರು ಇಪ್ಪತ್ತು ಕಾರುಗಳು ಕೂಡುತ್ತವೆ. ಬುಧವಾರ ತಡರಾತ್ರಿ ಅಭ್ಯಾಸ. ಭಾನುವಾರ ರಾತ್ರಿ ಒಂಬತ್ತಕ್ಕೆ ಅಂಕಗಳಿರುವ ರೇಸ್. ಆಡುವುದು ಇಟಲಿಯ ಕುನೋಸ್ ಸಿಮುಲಾಟ್ಸಿಯೋನಿ ಸಂಸ್ಥೆ 2014ರಲ್ಲಿ ಹೊರತಂದ ಅಸೆಟ್ಟೊ ಕೋರ್ಸಾ. ಆಟ ಹಳೆಯದಾದರೂ ಸಾಧಾರಣ ಕಂಪ್ಯೂಟರಿನಲ್ಲಿ ಓಡುತ್ತದೆ, ಸರ್ವರನ್ನು ನಾವೇ ನಡೆಸಬಹುದು ಎಂಬ ಎರಡು ಕಾರಣಗಳಿಂದ ಬಳಗ ಅದನ್ನು ಬಿಟ್ಟಿಲ್ಲ.

ಸರ್ವರ್ ಇರುವುದು ಮುಂಬೈಯ ಡೇಟಾ ಕೇಂದ್ರವೊಂದರಲ್ಲಿ ಬಾಡಿಗೆಗೆ ಪಡೆದ ಕ್ಲೌಡ್ ಯಂತ್ರದಲ್ಲಿ. ಬೆಳಕು ಆಪ್ಟಿಕಲ್ ಫೈಬರಿನೊಳಗೆ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುವುದರಿಂದ, ಪ್ರತಿ 100 ಕಿಲೋಮೀಟರ್ ದೂರಕ್ಕೆ ಹೋಗಿಬರಲು ಕನಿಷ್ಠ ಒಂದು ಮಿಲಿಸೆಕೆಂಡ್ ಬೇಕು. ಯುರೋಪಿನ ಸರ್ವರ್‌ಗಳನ್ನು ಅವಲಂಬಿಸಿದರೆ ಈ ಲೆಕ್ಕವೇ ನಮ್ಮ ಕೈ ಕಟ್ಟಿಹಾಕುತ್ತದೆ. ಮುಂಬೈ ಪುಣೆಗೆ ಹತ್ತಿರ. ದೂರದ ಕಾರಣದಿಂದ ನಮ್ಮಲ್ಲಿ ಯಾರಿಗೂ ತೊಂದರೆಯಾಗಬೇಕಿರಲಿಲ್ಲ.

ಈ ಪ್ರಕರಣದ ಕೇಂದ್ರದಲ್ಲಿರುವವರು ಬಳಗದ ಹಿರಿಯ ಚಾಲಕರು. ಮೂಲತಃ ವಿಜಯಪುರದ ಕಡೆಯವರಾದ ಅವರನ್ನು ಎಲ್ಲರೂ ಕಾಕಾ ಎಂದು ಕರೆಯುವುದರಿಂದ ಇಲ್ಲಿಯೂ ಹಾಗೆಯೇ ಕರೆದಿದ್ದೇನೆ. ಅವರ ಮತ್ತು ಉಳಿದವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ. ಸರಣಿಯ ತಾಂತ್ರಿಕ ಹೊಣೆ ಹೊತ್ತವರಲ್ಲಿ ನಾನೂ ಒಬ್ಬ.

ಸಮಸ್ಯೆ

ಬೇಸಿಗೆಯ ಸರಣಿಯ ಆರಂಭದಿಂದಲೇ ಕಾಕಾ ಅವರ ಮೇಲೆ ದೂರುಗಳು ಬರತೊಡಗಿದವು. ಅವರ ಕಾರು ನೇರ ರಸ್ತೆಯಲ್ಲಿ ಇದ್ದಕ್ಕಿದ್ದಂತೆ ಮಾಯವಾಗಿ ಮುಂದೆಲ್ಲೋ ಕಾಣಿಸಿಕೊಳ್ಳುತ್ತದೆ, ಪಕ್ಕದಲ್ಲಿದ್ದವರನ್ನು ಮುಟ್ಟದೆಯೇ ಉರುಳಿಸುತ್ತದೆ ಎಂಬುದು ಒಂದು ದೂರು. ಕಾಕಾ ಅವರದು ಬೇರೆಯೇ ದೂರು: ರೇಸ್ ಆರಂಭವಾಗುವಾಗ ಪರದೆ ತಡೆತಡೆದು ನಿಲ್ಲುತ್ತದೆ, ಮತ್ತು ಕೆಲವೊಮ್ಮೆ ಕಂಪ್ಯೂಟರೇ ಆರಿಹೋಗುತ್ತದೆ. ಇವೆಲ್ಲವನ್ನೂ ಬಳಗದಲ್ಲಿ ಒಟ್ಟಾಗಿ ಲ್ಯಾಗ್ ಎಂದೇ ಹೇಳುತ್ತಿದ್ದರು, ಪರಿಹಾರವೂ ಒಂದೇ ಇರಬೇಕೆಂದು ನಂಬಿದ್ದರು: ಹೊಸ ಗ್ರಾಫಿಕ್ಸ್ ಕಾರ್ಡ್, ಅಂದರೆ ಪರದೆಯ ಚಿತ್ರ ಬಿಡಿಸುವ ಭಾಗ.

ಇಟಲಿಯ ಮೋಂಜಾ ಟ್ರ್ಯಾಕಿನ ರೇಸಿನಲ್ಲಿ ಮಾತು ಬಿಸಿಯಾಯಿತು. ಮೊದಲ ಶಿಕೇನಿನ (ವೇಗ ತಗ್ಗಿಸುವ ಅವಳಿ ತಿರುವಿನ) ಬ್ರೇಕಿಂಗ್ ಜಾಗದಲ್ಲಿ ಕಾಕಾ ಅವರ ಕಾರು ವಿದ್ಯಾರ್ಥಿಯೊಬ್ಬನ ಕಾರಿನ ಹಿಂಬದಿಗೆ ನುಗ್ಗಿ, ಅವನು ಚಾಂಪಿಯನ್‌ಷಿಪ್‌ನ ಮುಂಚೂಣಿಯಿಂದ ಕೆಳಗಿಳಿದ. ರೇಸ್ ಮುಗಿದ ಮೇಲೆ ಧ್ವನಿ ಕೊಠಡಿಯಲ್ಲಿ ಅವನು ಹೇಳಿದ್ದು ಇಷ್ಟು: ‘ಕಾಕಾ, ನಿಮ್ಮ ಗಾಡಿ ಸೀದಾ ನನ್ನ ಮೈಮ್ಯಾಲೆ ಬಂತ್ರಿ.’ ಕಾಕಾ ಅವರ ಉತ್ತರ: ‘ನಾ ಬ್ರೇಕ್ ಹಿಡದಿದ್ನೋ ತಮ್ಮಾ. ನನ್ನ ಸ್ಕ್ರೀನಿನ್ಯಾಗ ನಿನಗೂ ನನಗೂ ಮೂರು ಗಾಡಿ ಅಂತರ ಇತ್ತು.’ ಇಬ್ಬರೂ ಸುಳ್ಳು ಹೇಳುವ ಪೈಕಿ ಅಲ್ಲ. ರೇಸಿನ ದೂರುಗಳಿಗೆ ತೀರ್ಪು ಕೊಡುವ ಸ್ಟೀವರ್ಡ್‌ಗಳು ಕಾಕಾ ಅವರಿಗೆ ಸಮಯದ ದಂಡ ವಿಧಿಸಿದರು. ಅವರನ್ನು ಸರಣಿಯಿಂದ ಕೆಲಕಾಲ ಹೊರಗಿಡಬೇಕೆಂಬ ಪ್ರಸ್ತಾಪವೂ ಬಂತು.

ಎರಡು ರೀಪ್ಲೇಗಳು

ಪ್ರಸ್ತಾಪದ ಮೇಲೆ ಮತ ಹಾಕುವ ಮೊದಲು ಇಬ್ಬರ ಕಂಪ್ಯೂಟರಿನಲ್ಲೂ ಉಳಿದಿದ್ದ ರೀಪ್ಲೇ ಕಡತಗಳನ್ನು ತರಿಸಿಕೊಳ್ಳಲು ನಿರ್ಧರಿಸಿದೆವು. ಈ ಇಡೀ ಪ್ರಕರಣದಲ್ಲಿ ನಾವು ತೆಗೆದುಕೊಂಡ ಅತ್ಯಂತ ಫಲಕಾರಿ ನಿರ್ಧಾರ ಇದೇ ಎಂದು ಈಗಲೂ ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಸ್ಟೀವರ್ಡ್‌ಗಳು ದೂರು ಕೊಟ್ಟವನ ರೀಪ್ಲೇ ಮಾತ್ರ ನೋಡುತ್ತಿದ್ದರು.

ಕಾಕಾ ಅವರ ರೀಪ್ಲೇಯಲ್ಲಿ ಅವರ ಕಾರು ಒಳಬದಿಯ ಗೆರೆ ಹಿಡಿದು, ಸರಿಯಾದ ಜಾಗದಲ್ಲಿ ಬ್ರೇಕ್ ಒತ್ತಿ, ಯಾವ ನಡುಕವೂ ಇಲ್ಲದೆ ನಿಧಾನಿಸುತ್ತದೆ. ವಿದ್ಯಾರ್ಥಿಯ ರೀಪ್ಲೇಯಲ್ಲಿ ಅದೇ ಕ್ಷಣದಲ್ಲಿ ಕಾಕಾ ಅವರ ಕಾರಿನ ಚಕ್ರಗಳು ಒಂದೇ ಕೋನದಲ್ಲಿ ಸ್ತಬ್ಧವಾಗಿ, ಬ್ರೇಕ್ ದೀಪ ಹೊತ್ತದೆ, ಕಾರು ಮುನ್ನಿನ ವೇಗದಲ್ಲೇ ಸೀದಾ ಜಾರುತ್ತ ಬಂದು ಮುಂದಿನ ಕಾರಿನೊಳಕ್ಕೆ ಹೊಕ್ಕು, ಆಮೇಲೆ ಒಮ್ಮೆಲೇ ಹಿಂದಕ್ಕೆ ಎಳೆದಂತೆ ತನ್ನ ಜಾಗಕ್ಕೆ ಮರಳುತ್ತದೆ. ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದಾಗ ಕೋಣೆಯಲ್ಲಿದ್ದ ಯಾರಿಗೂ ಮತದಾನದ ಮಾತೆತ್ತಲು ಮನಸ್ಸಾಗಲಿಲ್ಲ.

ಇದಕ್ಕೆ ಕಾರಣ ಆಟದ ರಚನೆಯಲ್ಲಿಯೇ ಇದೆ. ಪ್ರತಿ ಚಾಲಕನ ಕಾರಿನ ಭೌತಿಕ ಲೆಕ್ಕಾಚಾರ ನಡೆಯುವುದು ಅವನದೇ ಕಂಪ್ಯೂಟರಿನಲ್ಲಿ. ಅಲ್ಲಿಂದ ಕಾರಿನ ಸ್ಥಾನ ಮತ್ತು ವೇಗದ ಮಾಹಿತಿ ಸಣ್ಣ ಪ್ಯಾಕೆಟ್‌ಗಳಾಗಿ ಸರ್ವರಿಗೆ ಹೋಗಿ, ಉಳಿದವರಿಗೆ ಹಂಚಿಕೆಯಾಗುತ್ತದೆ. ಎರಡು ಪ್ಯಾಕೆಟ್‌ಗಳ ನಡುವಿನ ಅವಧಿಯಲ್ಲಿ ನಮ್ಮ ಕಂಪ್ಯೂಟರು ಎದುರಿನ ಕಾರು ಎಲ್ಲಿರಬಹುದೆಂದು ಊಹಿಸಿ ಚಿತ್ರ ಬಿಡಿಸುತ್ತದೆ. ನಮ್ಮ ಸರ್ವರಿನಲ್ಲಿ ಸೆಕೆಂಡಿಗೆ 18 ಸಲ ಮಾಹಿತಿ ಹೋಗುವಂತೆ ಹೊಂದಿಸಿದ್ದೇವೆ, ಅಂದರೆ ಸುಮಾರು 55 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್. ಗಂಟೆಗೆ 250 ಕಿಲೋಮೀಟರ್ ವೇಗದ ಕಾರು ಅಷ್ಟರಲ್ಲಿ 4 ಮೀಟರಿಗೂ ಕಡಿಮೆ ದೂರ ಸಾಗುತ್ತದೆ. ಊಹೆ ತಪ್ಪಿದರೂ ಹೆಚ್ಚಿನ ಅನಾಹುತವಿಲ್ಲ. ಪ್ಯಾಕೆಟ್‌ಗಳು 300 ಮಿಲಿಸೆಕೆಂಡ್ ತಡವಾದರೆ ಅದೇ ಕಾರು ಸುಮಾರು 21 ಮೀಟರ್ ಸಾಗಿರುತ್ತದೆ, ಜಿಟಿ3 ದರ್ಜೆಯ ರೇಸ್ ಕಾರುಗಳ ಲೆಕ್ಕದಲ್ಲಿ ನಾಲ್ಕು ಕಾರಿಗಿಂತ ಹೆಚ್ಚು ಉದ್ದ. ಬ್ರೇಕಿಂಗ್ ಜಾಗದಲ್ಲಿ ಈ ತಡ ಆದರಂತೂ, ಬ್ರೇಕ್ ಒತ್ತಿದ ಸುದ್ದಿಯೇ ಇನ್ನೂ ತಲುಪದ ಕಾರು ಎದುರಿನವನ ಪರದೆಯಲ್ಲಿ ಪೂರ್ಣ ವೇಗದಲ್ಲಿ ಬಂದು ಗುದ್ದುತ್ತದೆ.

ಕಾಕಾ ಅವರ ಪರದೆ ಅವರಿಗೆ ನುಣುಪಾಗಿ ಕಂಡು, ಬೇರೆಯವರಿಗೆ ಅವರ ಕಾರು ಜಿಗಿಯುವಂತೆ ಕಂಡಿತೆಂದರೆ, ಈ ಒಂದು ದೋಷಕ್ಕೆ ಗ್ರಾಫಿಕ್ಸ್ ಕಾರ್ಡ್ ಹೊಣೆಯಲ್ಲ. ದೋಷವಿರುವುದು ಅವರ ಮನೆಯಿಂದ ಹೊರಹೋಗುವ ದಾರಿಯಲ್ಲಿ. ಆ ಹೊತ್ತಿಗೆ ಅವರು ಹೊಸ ಕಾರ್ಡಿಗೆ ಅಂಗಡಿಯಲ್ಲಿ ಮುಂಗಡ ಕೊಡುವುದರಲ್ಲಿದ್ದರು.

ಮೊದಲ ಪ್ರಯತ್ನಗಳು

ಇಂಟರ್ನೆಟ್ ಕಂಪನಿಯ ಹುಡುಗ ಸೋಮವಾರ ಬೆಳಿಗ್ಗೆ ಬಂದು ಸ್ಪೀಡ್ ಟೆಸ್ಟ್ ಮಾಡಿ, ಡೌನ್‌ಲೋಡ್ ಪೂರ್ತಿ 100 ಎಂಬಿಪಿಎಸ್ ಬರುತ್ತಿದೆ ಎಂದು ತೋರಿಸಿ ಹೊರಟ. ಅವನ ಅಳತೆ ಸರಿಯಾಗಿಯೇ ಇತ್ತು. ಆದರೆ ಕಾರಿನ ಮಾಹಿತಿಗೆ ಬೇಕಾದ ವೇಗ ಒಂದು ಎಂಬಿಪಿಎಸ್‌ಗಿಂತಲೂ ಎಷ್ಟೋ ಕಡಿಮೆ. ನಮಗೆ ಬೇಕಿದ್ದದ್ದು ಪ್ರತಿ ಪ್ಯಾಕೆಟ್ ಹೊತ್ತಿಗೆ ಸರಿಯಾಗಿ ತಲುಪುತ್ತದೆಯೇ ಎಂಬ ಉತ್ತರ. ಸಾಮಾನ್ಯ ಸ್ಪೀಡ್ ಟೆಸ್ಟಿನ ದೊಡ್ಡ ಅಂಕಿ ಅದನ್ನು ಹೇಳುವುದಿಲ್ಲ.

ಎರಡನೆಯ ಪ್ರಯತ್ನ ವೈ-ಫೈ ಬಿಡಿಸುವುದು. ಕಾಕಾ ಅವರ ರಿಗ್ (ಆಟದ ಕಂಪ್ಯೂಟರ್ ಮತ್ತು ಸ್ಟೀರಿಂಗಿನ ಜೋಡಣೆ) ಇದ್ದದ್ದು ಹಿಂದಿನ ಕೋಣೆಯಲ್ಲಿ, ರೌಟರ್ ಹಾಲಿನಲ್ಲಿ. ಹಳೆಯ ವೈ-ಫೈ ಅಡಾಪ್ಟರ್ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಮಾತ್ರ ಓಡುತ್ತಿತ್ತು. ಆ ಬ್ಯಾಂಡಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಎಂಬ ಮೂರೇ. ಬಹುಮಹಡಿ ಸೊಸೈಟಿಯಲ್ಲಿ ಗೋಡೆಯಾಚೆಯ ಪ್ರತಿ ಮನೆಯ ರೌಟರೂ ಅವುಗಳಲ್ಲೇ ಜಾಗ ಹುಡುಕುತ್ತಿರುತ್ತದೆ. ಗೋಡೆಯ ಬುಡದಲ್ಲಿ ಪಟ್ಟಿ ಹೊಡೆಸಿ ಲ್ಯಾನ್ ಕೇಬಲ್ ಎಳೆಸಿದೆವು. ಆಗಾಗ ಬರುತ್ತಿದ್ದ ಸಣ್ಣ ನಡುಕಗಳು ಅಂದೇ ನಿಂತವು. ಬುಧವಾರದ ಅಭ್ಯಾಸದಲ್ಲಿ ಕಾಕಾ ಅವರ ಕಾರು ಎಲ್ಲರ ಪರದೆಯಲ್ಲೂ ಸಲೀಸಾಗಿ ಓಡಿತು. ಭಾನುವಾರ ಮತ್ತೆ ಜಿಗಿಯಿತು.

ಈ ಫಲಿತಾಂಶದಿಂದ ಕೆಲವರಿಗೆ ನಿರಾಸೆಯಾಯಿತು. ನನಗೆ ಕಂಡದ್ದು ಬೇರೆ: ಅದೇ ಯಂತ್ರ, ಅದೇ ಕೇಬಲ್, ಅದೇ ಸರ್ವರ್, ದಿನ ಬದಲಾದಾಗ ಮಾತ್ರ ದೋಷ ಬರುತ್ತಿದೆ. ಆದ್ದರಿಂದ ಇನ್ನು ಮುಂದೆ ಹುಡುಕಬೇಕಾದದ್ದು ಯಂತ್ರದೊಳಗಲ್ಲ, ಭಾನುವಾರದೊಳಗೆ.

ತಿರುವು

ಮುಂದಿನ ಭಾನುವಾರ ಕಾಕಾ ಅವರ ಕಂಪ್ಯೂಟರಿನಲ್ಲಿ ಸಂಜೆಯಿಂದಲೇ ಪ್ಯಾಕೆಟ್ ಹೋಗಿಬರಲು ಹಿಡಿಯುವ ಸಮಯ ತೋರಿಸುವ ಎರಡು ಪಿಂಗ್ ಕಿಟಕಿಗಳನ್ನು ತೆರೆದಿಟ್ಟೆವು: ಒಂದು ಮನೆಯ ರೌಟರಿಗೆ, ಇನ್ನೊಂದು ಮುಂಬೈಯ ಸರ್ವರಿಗೆ. ರೌಟರಿನ ಪಿಂಗ್ ಇಡೀ ರಾತ್ರಿ ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲೇ ಇತ್ತು, ಅಂದರೆ ಮನೆಯೊಳಗಿನ ದಾರಿ ಸ್ವಚ್ಛ. ಸರ್ವರಿನದು ಎಂಟೂವರೆಯವರೆಗೆ ಹತ್ತರ ಆಸುಪಾಸಿನಲ್ಲಿದ್ದು, ಆಮೇಲೆ ಒಮ್ಮೆಲೇ ಮುನ್ನೂರರ ಮೇಲೆ ಏರಿ, ಇಳಿದು, ಮತ್ತೆ ಏರತೊಡಗಿತು.

ಎಂಟೂವರೆಗೆ ಆದದ್ದೇನೆಂದರೆ, ಪ್ರತಿ ಭಾನುವಾರದಂತೆ ಕಾಕಾ ಅವರ ಮಗಳು, ಅಳಿಯ ಮತ್ತು ಮೊಮ್ಮಗಳು ಕೋಥರೂಡದಿಂದ ಊಟಕ್ಕೆ ಬಂದಿದ್ದರು. ಅವರ ಫೋನುಗಳು ಮನೆಯ ವೈ-ಫೈಗೆ ಸೇರಿಕೊಂಡ ಕೂಡಲೇ, ದಿನವಿಡೀ ತೆಗೆದ ಮಗುವಿನ ಫೋಟೋ ಮತ್ತು ವಿಡಿಯೋಗಳನ್ನು ಕ್ಲೌಡಿಗೆ ಏರಿಸತೊಡಗಿದ್ದವು. ವೈ-ಫೈ ಸಿಕ್ಕಾಗ ಮಾತ್ರ ಬ್ಯಾಕಪ್ ಎಂಬ ಆಯ್ಕೆ ಎಲ್ಲ ಫೋನುಗಳಲ್ಲೂ ಇತ್ತು. ರೌಟರಿನ ಪುಟ ತೆರೆದು ನೋಡಿದಾಗ, ಅಪ್‌ಲೋಡ್ ದಾರಿ ಅಂಚಿನವರೆಗೆ ತುಂಬಿತ್ತು.

ಆ ಸಂಪರ್ಕದ ಅಪ್‌ಲೋಡ್ 20 ಎಂಬಿಪಿಎಸ್‌ಗಿಂತ ಕಡಿಮೆ. ದಾರಿ ತುಂಬಿದಾಗ ರೌಟರು ಪ್ಯಾಕೆಟ್‌ಗಳನ್ನು ಬಿಸಾಡದೆ ತನ್ನ ದೊಡ್ಡ ಬಫರಿನಲ್ಲಿ (ತಾತ್ಕಾಲಿಕ ಮೆಮೊರಿಯಲ್ಲಿ) ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ. ಸಾತಾರಾ ಕಡೆಗೆ ಹೊರಟ ಮೋಟರ್ ಸೈಕಲ್ಲು ಖಂಬಾಟ್ಕಿ ಘಾಟಿನ ಏರಿನಲ್ಲಿ ಕಬ್ಬಿನ ಲಾರಿಗಳ ಹಿಂದೆ ಸಿಕ್ಕಿಕೊಂಡಂತೆ, ಕಾಕಾ ಅವರ ಕಾರಿನ ಪುಟ್ಟ ಪ್ಯಾಕೆಟ್ ವಿಡಿಯೋಗಳ ಸಾಲಿನ ಕೊನೆಯಲ್ಲಿ ನಿಲ್ಲುತ್ತಿತ್ತು. ಬಫರ್‌ಬ್ಲೋಟ್ ಎಂಬ ಹೆಸರಿನಲ್ಲಿ ಈ ತೊಂದರೆಯನ್ನು ಜಿಮ್ ಗೆಟ್ಟಿಸ್ 2010ರ ಹೊತ್ತಿಗೆ ಎಲ್ಲರ ಗಮನಕ್ಕೆ ತಂದರು. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಕೋಡೆಲ್ ಎಂಬ ಸರತಿ ನಿರ್ವಹಣಾ ವಿಧಾನವನ್ನು ಪ್ರಕಟಿಸಿದರು. ಪರಿಹಾರ ಗೊತ್ತಿದ್ದರೂ ಮನೆಗಳಿಗೆ ಬರುವ ಅಗ್ಗದ ರೌಟರುಗಳಲ್ಲಿ ಅದು ಎಷ್ಟೋ ಸಲ ಇರುವುದಿಲ್ಲ.

ಇಲ್ಲಿ ನಿರ್ಧಾರವೊಂದನ್ನು ತೆಗೆದುಕೊಳ್ಳಬೇಕಾಯಿತು. ರೇಸಿನ ಹೊತ್ತಿನಲ್ಲಿ ಮನೆಯವರೆಲ್ಲರೂ ವೈ-ಫೈ ಆರಿಸಬೇಕೆಂದು ಹೇಳಿದರೆ ಕೆಲಸ ಮುಗಿಯುತ್ತದೆ ಎಂಬ ಸಲಹೆ ಬಂತು. ಕಾಕಾ ಅವರ ಪತ್ನಿ ಕಾಕೂ ಒಪ್ಪಲಿಲ್ಲ: ‘ವಾರಕ್ಕೊಮ್ಮೆ ಬರೂ ಹುಡುಗೂರಿಗೆ ನೆಟ್ ಬಂದ್ ಮಾಡ್ರಿ ಅಂತ ಹ್ಯಾಂಗ ಹೇಳೂದು? ನಿಮ್ಮ ಆಟದ್ದು ನೀವ ನೋಡ್ಕೋರಿ.’ ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಇಡೀ ಮನೆಯ ಶಿಸ್ತನ್ನು ನಂಬಿಕೊಂಡ ಪರಿಹಾರ ಒಂದು ಹಬ್ಬ ಬಂದರೆ ಮುರಿದುಬೀಳುತ್ತದೆ, ಮನೆಯವರಿಗೆ ಈ ಹವ್ಯಾಸದ ಮೇಲೆ ಬೇಸರವನ್ನೂ ತರುತ್ತದೆ. ಆದ್ದರಿಂದ ಬಳಗದ ಒಬ್ಬರಲ್ಲಿ ಬಿದ್ದಿದ್ದ ಹಳೆಯ ರೌಟರಿಗೆ ಓಪನ್‌ಡಬ್ಲ್ಯೂಆರ್‌ಟಿ ಎಂಬ ತಂತ್ರಾಂಶ ಹಾಕಿ, ಅದರಲ್ಲಿ ಪ್ಯಾಕೆಟ್ ಸರತಿ ನಿರ್ವಹಿಸುವ ಎಸ್‌ಕ್ಯೂಎಂ ಸೌಲಭ್ಯವನ್ನು ಚಾಲೂ ಮಾಡಿ, ಅಪ್‌ಲೋಡ್ ಮಿತಿಯನ್ನು ಅಳೆದ ವೇಗಕ್ಕಿಂತ ಹತ್ತು-ಹದಿನೈದು ಪ್ರತಿಶತ ಕೆಳಗೆ ನಿಲ್ಲಿಸಿದೆವು. ಹೀಗೆ ಮಾಡಿದಾಗ ಸಾಲು ಕಟ್ಟುವ ಜಾಗ ಕಂಪನಿಯ ಪೆಟ್ಟಿಗೆಯಿಂದ ನಮ್ಮ ರೌಟರಿಗೆ ಬರುತ್ತದೆ, ನಮ್ಮ ರೌಟರು ಪ್ರತಿ ಸಾಧನದ ಪ್ಯಾಕೆಟ್‌ಗಳಿಗೂ ಸರದಿಯಂತೆ ದಾರಿ ಬಿಡುತ್ತದೆ. ಬ್ಯಾಕಪ್ ತುಸು ನಿಧಾನವಾಯಿತು, ಯಾರೂ ಗಮನಿಸಲಿಲ್ಲ. ಅದರ ಮರುವಾರ ಮೊಮ್ಮಗಳ ಹುಟ್ಟುಹಬ್ಬವಿತ್ತು, ಮನೆ ತುಂಬ ಫೋನುಗಳಿದ್ದವು. ಸರ್ವರಿನ ಪಿಂಗ್ ಮೂವತ್ತು ದಾಟಲಿಲ್ಲ.

ಉಳಿದ ಎರಡು ದೋಷಗಳು

ಜಿಗಿತ ನಿಂತ ಮೇಲೆ ಆರಂಭದ ತಡೆ ಎದ್ದು ಕಂಡಿತು. ಇದಕ್ಕೆ ನಾವು ಮಾಡಿದ ಪರೀಕ್ಷೆ ಬಹಳ ಸರಳ, ಯಾರು ಬೇಕಾದರೂ ಮಾಡಬಹುದು: ಇಂಟರ್ನೆಟ್ ಕೇಬಲ್ ಕಿತ್ತು, ಅದೇ ರೇಸಿನ ಆರಂಭವನ್ನು ರೀಪ್ಲೇಯಲ್ಲಿ ಚಾಲಕನ ಆಸನದ ನೋಟದಿಂದ ಓಡಿಸಿದೆವು. ಪರದೆ ಅದೇ ಜಾಗದಲ್ಲಿ ನಿಂತಿತು. ಜಾಲವೇ ಇಲ್ಲದಾಗಲೂ ತಡೆ ಬಂದರೆ ಅದಕ್ಕೆ ಜಾಲ ಕಾರಣವಲ್ಲ.

ನೆರಳು, ಕನ್ನಡಿ, ಪ್ರತಿಫಲನಗಳ ಗುಣಮಟ್ಟ ಇಳಿಸಿದಾಗ ಸ್ವಲ್ಪ ಹಗುರಾಯಿತು, ಗುಣವಾಗಲಿಲ್ಲ. ಪ್ರತಿಯೊಬ್ಬರ ಕಾರಿನ ಬಣ್ಣದ ಸ್ಕಿನ್ನನ್ನು ತೆಗೆದು ಆಟದ ಮೂಲ ಸ್ಕಿನ್ ಹಾಕಿದಾಗ ತಡೆ ಪೂರ್ತಿ ಮಾಯವಾಯಿತು. ಕಡತಗಳನ್ನು ಬಿಚ್ಚಿ ನೋಡಿದರೆ ಕಾರಣ ಕಣ್ಣಿಗೆ ಕಟ್ಟುವಂತಿತ್ತು. ನಮ್ಮ ಹುಡುಗರು ಪ್ರೀತಿಯಿಂದ ಬಿಡಿಸಿದ ಸ್ಕಿನ್‌ಗಳು, ಹಳದಿ-ಕೆಂಪು ಪಟ್ಟಿಯವು, ಇಳಕಲ್ ಸೀರೆಯ ಅಂಚಿನವು, ಬಹುತೇಕ 4096 ಪಿಕ್ಸೆಲ್ ಅಳತೆಯಲ್ಲಿ ಸಂಕುಚಿತಗೊಳಿಸದೆ ಉಳಿಸಿದವಾಗಿದ್ದವು. ಅಂಥ ಒಂದು ಚಿತ್ರ ಗ್ರಾಫಿಕ್ಸ್ ಮೆಮೊರಿಯಲ್ಲಿ 64 ಎಂಬಿ ಹಿಡಿಯುತ್ತದೆ, ದೂರದ ನೋಟಕ್ಕೆ ಬೇಕಾದ ಚಿಕ್ಕ ಪ್ರತಿಗಳೂ ಸೇರಿದರೆ ಸುಮಾರು 85. ಇಪ್ಪತ್ತು ಕಾರುಗಳಿಗೆ 1,700 ಎಂಬಿ, ಅದೂ ಹೊರಮೈಯ ಬಣ್ಣಕ್ಕೊಂದೇ. ಕಾಕಾ ಅವರ ಕಾರ್ಡಿನಲ್ಲಿ ಒಟ್ಟು ಇದ್ದದ್ದು 4 ಜಿಬಿ. ಗ್ರಿಡ್ಡಿನ (ರೇಸ್ ಹೊರಡುವ ಸಾಲುಗಳ) ಹಿಂದಿನ ಸಾಲಿನಿಂದ ಹೊರಡುವ ಚಾಲಕನಿಗೆ ಎಲ್ಲ ಕಾರುಗಳೂ ಒಟ್ಟಿಗೆ ಕಾಣುವುದರಿಂದ ಮೆಮೊರಿ ತುಂಬಿ, ಚಿತ್ರಗಳು ಕಂಪ್ಯೂಟರಿನ ಸಾಮಾನ್ಯ ಮೆಮೊರಿಯಿಂದ ಹೋಗಿಬರುವಷ್ಟು ಹೊತ್ತು ಪರದೆ ನಿಲ್ಲುತ್ತಿತ್ತು. ಅದೇ ಚಿತ್ರವನ್ನು 2048 ಅಳತೆಗೆ ಇಳಿಸಿ ಡಿಎಕ್ಸ್‌ಟಿ1 ಎಂಬ ಸಂಕುಚಿತ ರೂಪದಲ್ಲಿ ಉಳಿಸಿದರೆ 3 ಎಂಬಿಗಿಂತ ಕಡಿಮೆ ಸಾಕು. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಆ ವ್ಯತ್ಯಾಸ ಯಾರ ಕಣ್ಣಿಗೂ ಕಾಣುವುದಿಲ್ಲ. ಸರಣಿಯ ನಿಯಮವನ್ನು ಅದರಂತೆ ಬದಲಿಸಿದೆವು. ಆಗ ಇನ್ನೂ ಕೆಲವರು, ಮೊದಲ ಸುತ್ತಿನ ತಡೆ ತಮಗೂ ಇತ್ತು, ತಮ್ಮ ಯಂತ್ರವೇ ಹಳೆಯದೆಂದು ಸುಮ್ಮನಿದ್ದೆವು ಎಂದು ಹೇಳಿದರು.

ಕಂಪ್ಯೂಟರ್ ಆರಿಹೋಗುತ್ತಿದ್ದ ಸಂಗತಿ ಬೇಗ ಬಗೆಹರಿಯಿತು. ವಿಂಡೋಸ್‌ನ ಇವೆಂಟ್ ವ್ಯೂವರಿನಲ್ಲಿ ಇದ್ದದ್ದು ಕರ್ನಲ್-ಪವರ್ 41 ಎಂಬ ದಾಖಲೆ ಮಾತ್ರ. ಯಂತ್ರ ಕ್ರಮವಾಗಿ ಮುಚ್ಚದೆ ನಿಂತಿತು ಎಂದಷ್ಟೇ ಅದು ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಆಟದ ಲಾಗ್ ಕಡತದಲ್ಲಿ ದೋಷದ ಸಾಲು ಒಂದೂ ಇರಲಿಲ್ಲ. ಬರಹ ನಡುವೆಯೇ ತುಂಡಾಗಿತ್ತು. ಆ ಹೊತ್ತಿಗೆ ಮನೆಯ ಫ್ಯಾನು ಒಮ್ಮೆ ನಿಧಾನವಾಗುತ್ತದೆ ಎಂದು ಗಮನಿಸಿ ಹೇಳಿದವರು ಕಾಕೂ. ಒಂಬತ್ತು ಕಾಲಿಗೆ ಸೊಸೈಟಿಯ ನೀರಿನ ಮೋಟರ್ ಶುರುವಾಗುತ್ತಿತ್ತು, ವೋಲ್ಟೇಜ್ ಕುಸಿಯುತ್ತಿತ್ತು, ಯುಪಿಎಸ್ ಬ್ಯಾಟರಿಗೆ ಹೊರಳುತ್ತಿತ್ತು. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಹೊರಬಲ್ಲದು. ರೇಸಿನ ನಡುವೆ ಕಂಪ್ಯೂಟರ್, ಮಾನಿಟರ್ ಮತ್ತು ವ್ಹೀಲ್ ಮೂರೂ ಸೇರಿ ಅದನ್ನು ಮೀರುತ್ತಿದ್ದವು. ಖಾಲಿ ಕುಳಿತ ಕಂಪ್ಯೂಟರನ್ನು ಅದೇ ಯುಪಿಎಸ್ ಸಲೀಸಾಗಿ ಹಿಡಿದಿಡುತ್ತಿದ್ದುದರಿಂದ ಯಾರಿಗೂ ಅದರ ಮೇಲೆ ಸಂಶಯ ಬಂದಿರಲಿಲ್ಲ. ದೊಡ್ಡ ಯುಪಿಎಸ್ ತಂದ ಮೇಲೆ ಈ ತೊಂದರೆ ಮರಳಿಲ್ಲ.

ಫಲಿತಾಂಶ ಮತ್ತು ಕಲಿತದ್ದು

ಕಾಕಾ ಅವರ ಮೇಲಿನ ದಂಡವನ್ನು ಹಿಂತೆಗೆದುಕೊಳ್ಳಲಾಯಿತು. ವಿದ್ಯಾರ್ಥಿಯ ಕಳೆದ ಅಂಕಗಳನ್ನು ಮರಳಿಸಲು ದಾರಿ ಇರಲಿಲ್ಲ. ಆ ರೇಸನ್ನು ಪೂರ್ತಿ ರದ್ದು ಮಾಡಬೇಕೆಂದು ಅವನು ಕೇಳಲೂ ಇಲ್ಲ. ಅವನ ದೊಡ್ಡತನ ಇಲ್ಲಿ ದಾಖಲಾಗಬೇಕು.

ಇಂಥ ತೊಂದರೆ ಎದುರಿಸುವ ಬೇರೆ ಬಳಗಗಳಿಗೆ ನಾನು ಒತ್ತಿ ಹೇಳಲು ಬಯಸುವುದು ದೋಷ ಯಾರ ಪರದೆಯಲ್ಲಿ ಕಾಣುತ್ತಿದೆ ಎಂಬುದನ್ನು ಮೊದಲು ವಿಚಾರಿಸಿ ಎಂದು. ತನಗೆ ಮಾತ್ರ ಕಂಡರೆ ಹುಡುಕಾಟ ತನ್ನ ಯಂತ್ರದಿಂದ ಶುರುವಾಗಬೇಕು. ಒಬ್ಬನ ಕಾರು ಎಲ್ಲರಿಗೂ ಜಿಗಿದು ಕಂಡರೆ ಆ ಒಬ್ಬನ ಸಂಪರ್ಕದಿಂದ. ಎಲ್ಲ ಕಾರುಗಳೂ ಎಲ್ಲರಿಗೂ ಒಟ್ಟಿಗೆ ಜಿಗಿದರೆ ಸರ್ವರಿನಿಂದ. ಈ ವಿಂಗಡಣೆಗೆ ಹಣ ಬೇಡ, ಎರಡು ರೀಪ್ಲೇ ಸಾಕು. ಅಭ್ಯಾಸದಲ್ಲಿ ಸರಿಯಿದ್ದು ರೇಸಿನಲ್ಲಿ ಕೆಡುವ ದೋಷವಂತೂ, ರೇಸಿನ ಹೊತ್ತಿನಲ್ಲಿ ಆ ಮನೆಯಲ್ಲಿ ಮತ್ತೇನು ನಡೆಯುತ್ತಿರುತ್ತದೆ ಎಂದು ಕೇಳದೆ ಸಿಗುವುದಿಲ್ಲ. ನಮ್ಮಲ್ಲಿ ಆ ಉತ್ತರದ ದೊಡ್ಡ ಪಾಲು ಬಂದದ್ದು ಸ್ಟೀರಿಂಗ್ ಮುಟ್ಟದ ಕಾಕೂ ಅವರಿಂದ. ಒಂದು ಸಲಕ್ಕೆ ಒಂದನ್ನೇ ಬದಲಿಸಿದ್ದರಿಂದಲೂ ಬಹಳ ಅನುಕೂಲವಾಯಿತು: ಕೇಬಲ್, ರೌಟರ್, ಕಾರ್ಡ್ ಮೂರನ್ನೂ ಒಂದೇ ವಾರ ಬದಲಿಸಿದ್ದರೆ ಜಿಗಿತ ನಿಲ್ಲುತ್ತಿತ್ತು, ಕೀರ್ತಿ ಮಾತ್ರ ಕಾರ್ಡಿಗೆ ಹೋಗುತ್ತಿತ್ತು.

ಈಗ ಸ್ಟೀವರ್ಡ್‌ಗಳು ಇಬ್ಬರೂ ಚಾಲಕರ ರೀಪ್ಲೇ ನೋಡದೆ ಡಿಕ್ಕಿಯ ದೂರಿಗೆ ತೀರ್ಪು ಕೊಡುವುದಿಲ್ಲ. ಬಗೆಹರಿಯದೆ ಉಳಿದಿರುವುದು ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರಿಂದ ಮೊಬೈಲ್ ಡೇಟಾ ಮೇಲೆ ಓಡಿಸುವ ಚಾಲಕನ ವಿಷಯ. ಅವನ ಪಿಂಗ್ ಏರಿಳಿಯುವುದು ಟವರಿನ ಕಡೆಯಿಂದ. ನಮ್ಮ ರೌಟರಿನ ಉಪಾಯ ಅಲ್ಲಿ ನಡೆಯುವುದಿಲ್ಲ, ಆ ಹಳ್ಳಿಗೆ ಫೈಬರ್ ಇನ್ನೂ ಬಂದಿಲ್ಲ. ಯಾವ ಸ್ಥಾನ ಗಳಿಸಿದರೂ ಹಿಂದಿನ ಸಾಲಿನಿಂದಲೇ ಹೊರಡುತ್ತೇನೆಂದು ಅವನಾಗಿಯೇ ಹೇಳಿದ್ದಾನೆ. ಅದನ್ನು ನಿಯಮವಾಗಿ ಬರೆಯಬೇಕೆ, ಬೇಡವೇ ಎಂಬ ಚರ್ಚೆ ಬಳಗದಲ್ಲಿ ಇನ್ನೂ ನಡೆಯುತ್ತಿದೆ; ಬರೆಯಬಾರದು ಎಂಬ ಪಕ್ಷದಲ್ಲಿ ಕಾಕಾ ಇದ್ದಾರೆ, ನಾನೂ ಇದ್ದೇನೆ.